ಕಾಣದ ನಾಣ್ಯಕ್ಕೆ ಕಬ್ಬಿನ ದುಡ್ಡು ಬೇಡ

ಕಬ್ಬಿನ ಬಟವಾಡೆ ಕೈಗೆ ಬಂದ ವಾರದಲ್ಲಿ, ಇಲ್ಲವೇ ರಸ್ತೆಗೆ ಬಿಟ್ಟುಕೊಟ್ಟ ಜಮೀನಿನ ಪರಿಹಾರ ಬ್ಯಾಂಕಿನಲ್ಲಿ ಜಮೆಯಾದ ತಿಂಗಳಲ್ಲಿ, ರೈತನ ಮನೆಗೆ ಹೊಸ ನೆಂಟರು ಹುಟ್ಟಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಅವರು ತೇಗದ ಗಿಡದ ಮಾತಾಡುತ್ತಿದ್ದರು. ಆಮೇಲೆ ಎಮು ಹಕ್ಕಿಯ ಮಾತು ಬಂತು. ಈಗ ಬಿಟ್‌ಕಾಯಿನ್, ಕ್ರಿಪ್ಟೊ ಎನ್ನುತ್ತಾರೆ. ಹೆದ್ದಾರಿಯ ಬದಿಯ ಬಾಬುರಾಯನಕೊಪ್ಪಲಿನಿಂದ ಹಿಡಿದು ನಾಗಮಂಗಲದ ಒಳಗಿನ ಹಳ್ಳಿಗಳವರೆಗೆ, ಮೊಬೈಲು ಹಿಡಿದ ಹುಡುಗರಿಗೆ ಈ ಹೆಸರು ಹೊಸದಲ್ಲ. ಮನೆಯ ಹಿರಿಯರಿಗೆ ಮಾತ್ರ ಇದೇನೆಂದು ತಿಳಿಯದು. ತಿಳಿಯದೆ ‘ಬೇಡ’ ಎಂದರೆ ಮಗ ಕೇಳುವುದಿಲ್ಲ. ತಿಳಿಯದೆ ‘ಆಗಲಿ’ ಎಂದರೆ ಗದ್ದೆ ಉಳಿಯುವುದಿಲ್ಲ. ಆದ್ದರಿಂದ ವಿಷಯವನ್ನು ಬಿಡಿಸಿ ನೋಡುವುದು ಅಗತ್ಯ.

ಇದು ಎಂಥ ನಾಣ್ಯ?

ಬಿಟ್‌ಕಾಯಿನ್ ಕೈಯಲ್ಲಿ ಹಿಡಿಯುವ ನಾಣ್ಯವಲ್ಲ, ಅದೊಂದು ಲೆಕ್ಕ. ಸತೋಷಿ ನಕಾಮೊಟೊ ಎಂದು ಹೆಸರಿಟ್ಟುಕೊಂಡ, ಇಂದಿಗೂ ಯಾರೆಂದು ಖಚಿತವಾಗದ ವ್ಯಕ್ತಿ 2008ರ ಅಕ್ಟೋಬರಿನಲ್ಲಿ ಇದರ ಯೋಜನೆಯನ್ನು ಪ್ರಕಟಿಸಿದ. 2009ರ ಜನವರಿಯಲ್ಲಿ ಅದು ಚಾಲನೆಗೆ ಬಂತು. ಊರಿನ ಜಮೀನು ಯಾರದು, ಎಷ್ಟು ಎಂಬುದು ಹಿಂದೆ ಶ್ಯಾನುಭೋಗರ ಲೆಕ್ಕದಲ್ಲಿ ಇರುತ್ತಿತ್ತಷ್ಟೆ. ಹಾಗೆಯೇ ಈ ನಾಣ್ಯ ಯಾವ ಖಾತೆಯಲ್ಲಿ ಎಷ್ಟಿದೆ ಎಂಬುದಕ್ಕೂ ಒಂದು ಲೆಕ್ಕದ ಪುಸ್ತಕವಿದೆ. ಶ್ಯಾನುಭೋಗರ ಪುಸ್ತಕ ಒಂದೇ. ಇದರ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿವೆ. ಒಬ್ಬ ತನ್ನ ಪ್ರತಿಯನ್ನು ತಿದ್ದಿದರೆ ಉಳಿದವು ಒಪ್ಪುವುದಿಲ್ಲ. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟದಂತೆ ಮೊದಲೇ ಕಟ್ಟು ಹಾಕಲಾಗಿದೆ. ಈ ಏರ್ಪಾಟಿನಲ್ಲಿ ಜಾಣತನವಿದೆ ಎಂಬುದನ್ನು ಒಪ್ಪಲೇಬೇಕು.

ಆದರೆ ಜಾಣತನವೇ ಬೇರೆ, ಫಸಲೇ ಬೇರೆ. ಗದ್ದೆ ಭತ್ತ ಕೊಡುತ್ತದೆ, ಹಸು ಹಾಲು ಕೊಡುತ್ತದೆ. ಠೇವಣಿಯ ಹಣವನ್ನು ಬ್ಯಾಂಕು ಸಾಲ ಕೊಟ್ಟು ಗಳಿಸುವುದರಿಂದ ನಿಮಗೂ ಬಡ್ಡಿ ಬರುತ್ತದೆ. ಬಿಟ್‌ಕಾಯಿನ್ ತನ್ನಷ್ಟಕ್ಕೆ ತಾನು ಏನನ್ನೂ ಬೆಳೆಯುವುದಿಲ್ಲ. ನೀವು ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವವನು ನಾಳೆ ಸಿಕ್ಕಿದರೆ ಲಾಭ, ಸಿಗದಿದ್ದರೆ ನಷ್ಟ. ‘ಚಿನ್ನವೂ ಹಾಗೆಯೇ ಅಲ್ಲವೇ?’ ಎಂದು ಮಗ ಕೇಳಬಹುದು. ಚಿನ್ನವನ್ನು ಹೆಣ್ಣುಮಕ್ಕಳು ತೊಡುತ್ತಾರೆ. ಬಿತ್ತನೆಯ ಹೊತ್ತಿಗೆ ಅಡವಿಟ್ಟರೆ ಬ್ಯಾಂಕಿನಲ್ಲಿ ಸಾಲ ಹುಟ್ಟುತ್ತದೆ. ಬೇಸಾಯಕ್ಕೆ ಬೇಕಾದ ಈ ಆಸರೆ ಆ ನಾಣ್ಯದಲ್ಲಿ ಇಲ್ಲ.

ರೈತನ ಹಣಕ್ಕೆ ಕಾಲವುಂಟು

ಬೆಲೆಯ ಏರಿಳಿತವನ್ನು ನೋಡಿ. 2021ರ ನವೆಂಬರಿನಲ್ಲಿ ಒಂದು ಬಿಟ್‌ಕಾಯಿನ್ನಿಗೆ ಸುಮಾರು 69,000 ಡಾಲರ್ ಬೆಲೆ ಇತ್ತು. ಒಂದೇ ವರ್ಷದಲ್ಲಿ, 2022ರ ನವೆಂಬರಿನಲ್ಲಿ, ಅದು 16,000 ಡಾಲರಿಗಿಂತ ಕೆಳಗಿಳಿಯಿತು. 2024ರ ಡಿಸೆಂಬರಿನಲ್ಲಿ ಒಂದು ಲಕ್ಷ ಡಾಲರನ್ನು ದಾಟಿತು. ಮೂರು ವರ್ಷ ಮುಟ್ಟದೆ ಇಟ್ಟವನು ಲಾಭ ಕಂಡ. ಅವನ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಮಗಳ ಮದುವೆಗೋ, ಬತ್ತಿದ ಕೊಳವೆಬಾವಿಗೋ ವರ್ಷದೊಳಗೆ ಹಣ ತೆಗೆಯಬೇಕಾಗಿದ್ದವನ ಕೈಗೆ ಹಾಕಿದ್ದರಲ್ಲಿ ಸುಮಾರು ಕಾಲು ಭಾಗ ಬರುತ್ತಿತ್ತು. ಅವನ ಕಥೆಯನ್ನು ಯಾರೂ ಹೇಳುವುದಿಲ್ಲ.

ವ್ಯತ್ಯಾಸ ಇರುವುದು ಇಲ್ಲಿಯೇ. ಪಟ್ಟಣದ ಸಂಬಳದಾರನಿಗೆ ಮುಂದಿನ ತಿಂಗಳು ಮತ್ತೆ ಸಂಬಳ ಬರುತ್ತದೆ, ಅವನು ಕಾಯಬಲ್ಲ. ರೈತನ ಹಣಕ್ಕೆ ಕಾಲವುಂಟು. ನಾಲೆಗೆ ನೀರು ಬಿಟ್ಟ ದಿನ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ನಾಟಿಯ ಕೂಲಿಗೆ ದುಡ್ಡು ಬೇಕು. ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅದು ತಡವಾದಾಗ ಪಡುವ ಪಾಡು ಮಂಡ್ಯ ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಂಥ ಹಣವನ್ನು, ಏರುವ ಕಾಲವಾಗಲೀ ಇಳಿಯುವ ಕಾಲವಾಗಲೀ ಗೊತ್ತಿಲ್ಲದ ನಾಣ್ಯಕ್ಕೆ ಹಾಕುವುದು ಮಳೆ ನಕ್ಷತ್ರ ನೋಡದೆ ಬಿತ್ತಿದಂತೆ.

ತಿಂಗಳಿಗೆ ನೂರಕ್ಕೆ ಹತ್ತು ಎಲ್ಲಿಂದ?

ಬೆಲೆ ಇಳಿದು ಕಳೆದುಕೊಳ್ಳುವುದು ಒಂದು ಬಗೆ. ನಾಣ್ಯದ ಹೆಸರಿನಲ್ಲಿ ನಡೆಯುವ ವಂಚನೆ ಇನ್ನೊಂದು ಬಗೆ; ಹಳ್ಳಿಗೆ ಹೆಚ್ಚಾಗಿ ಮುಟ್ಟುವುದು ಇದೇ. 2015ರಲ್ಲಿ ಶುರುವಾದ ‘ಗೇನ್‌ಬಿಟ್‌ಕಾಯಿನ್’ ಯೋಜನೆಯಲ್ಲಿ, ಹಾಕಿದ ನಾಣ್ಯಕ್ಕೆ ತಿಂಗಳಿಗೆ ನೂರಕ್ಕೆ ಹತ್ತರಂತೆ 18 ತಿಂಗಳು ಕೊಡುವುದಾಗಿ ಆಶೆ ತೋರಿಸಲಾಯಿತು. ಗಣಿಗಾರಿಕೆಯಿಂದ ಲಾಭ ಬರುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಕೊನೆಗೆ ಜನರ ಕೈಗೆ ಬಂದದ್ದು ‘ಎಂಕ್ಯಾಪ್’ ಎಂಬ, ಪೇಟೆಯಲ್ಲಿ ಬೆಲೆಯಿಲ್ಲದ ಇನ್ನೊಂದು ನಾಣ್ಯ. ಸಂಗ್ರಹವಾದ ಬಿಟ್‌ಕಾಯಿನ್ನಿನ ಬೆಲೆ ರೂ. 6,600 ಕೋಟಿಯಷ್ಟು ಎಂಬುದು ಜಾರಿ ನಿರ್ದೇಶನಾಲಯದ ಆರೋಪ. 2025ರ ಫೆಬ್ರವರಿಯಲ್ಲಿ ಸಿ.ಬಿ.ಐ. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಶೋಧ ನಡೆಸಿತು. ಹಣ ಹಾಕಿದ್ದು 2015ರ ಆಸುಪಾಸಿನಲ್ಲಿ, ಶೋಧ ನಡೆದದ್ದು 2025ರಲ್ಲಿ. ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯನ್ನು ಶ್ರೀರಂಗಪಟ್ಟಣದ ಸೀಮೆಯವರು ಬೇರೆಯವರಿಂದ ಕಲಿಯಬೇಕಾಗಿಲ್ಲ.

ತಮಿಳುನಾಡಿನ ಪೆರುಂದುರೈಯ ಸೂಸಿ ಎಮು ಕಂಪನಿ 2012ರಲ್ಲಿ ಮುಳುಗಿದಾಗಲೂ ಆದದ್ದು ಇದೇ. ಹೊಸಬರು ಕಟ್ಟಿದ ಹಣದಲ್ಲಿ ಹಳಬರಿಗೆ ತಿಂಗಳ ಹಣ ಹೋಗುತ್ತಿತ್ತು. ಹೊಸಬರು ನಿಂತರು, ಹಣವೂ ನಿಂತಿತು. ಹೆಸರು ಎಮುವಾಗಲಿ, ಬಿಟ್‌ಕಾಯಿನ್ ಆಗಲಿ, ನೀವು ಕೇಳತಕ್ಕ ಪ್ರಶ್ನೆ ಒಂದೇ: ‘ಈ ಲಾಭ ಯಾವ ಹೊಲದಲ್ಲಿ ಬೆಳೆಯುತ್ತದೆ?’ ಉತ್ತರ ತಿಳಿಯುವಂತಿಲ್ಲದಿದ್ದರೆ, ಅಥವಾ ‘ಇನ್ನಿಬ್ಬರನ್ನು ಸೇರಿಸಿ’ ಎಂಬ ಮಾತು ಬಂದರೆ, ಅಲ್ಲಿಂದ ಎದ್ದು ಬನ್ನಿ. ಹೇಳಿದವನು ಸ್ವಂತ ಭಾವಮೈದುನನಾದರೂ ಸರಿಯೇ.

ಕರೆಂಟಿನಿಂದ ಗಣಿಗಾರಿಕೆ

ವಿದ್ಯುತ್ತಿಗೂ ಗಣಿಗೂ ನಮ್ಮ ಜಿಲ್ಲೆಯಲ್ಲಿ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದರು. ಆ ಗಣಿಗೆ ತಪ್ಪದೆ ವಿದ್ಯುತ್ ಒದಗಬೇಕೆಂಬುದು ಕನ್ನಂಬಾಡಿ ಕಟ್ಟೆ ಕಟ್ಟಿದ್ದಕ್ಕೆ ಒಂದು ಕಾರಣವೂ ಹೌದು. ಅಲ್ಲಿ ಬಂಡೆ ಒಡೆದು ಚಿನ್ನ ತೆಗೆಯುತ್ತಿದ್ದರು. ಬಿಟ್‌ಕಾಯಿನ್ ಗಣಿಯಲ್ಲಿ ಬಂಡೆಯಿಲ್ಲ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಲೆಕ್ಕದ ಪುಸ್ತಕಕ್ಕೆ ಹೊಸ ಪುಟ ಸೇರುತ್ತದೆ. ಆ ಪುಟ ಸೇರಿಸುವ ಹಕ್ಕಿಗಾಗಿ ಜಗತ್ತಿನ ಯಂತ್ರಗಳೆಲ್ಲ ಒಗಟು ಬಿಡಿಸುವ ಪೈಪೋಟಿಗೆ ಬೀಳುತ್ತವೆ. ಗೆದ್ದವನಿಗೆ ಮೊದಲು 50 ನಾಣ್ಯ ಸಿಗುತ್ತಿತ್ತು. ಈ ಬಹುಮಾನ ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 2024ರ ಏಪ್ರಿಲಿನಲ್ಲಿ ಅದು 3.125ಕ್ಕೆ ಇಳಿಯಿತು. ಆ ಲೆಕ್ಕದಲ್ಲಿ ಇಡೀ ಜಗತ್ತಿಗೆ ದಿನಕ್ಕೆ ಹುಟ್ಟುವುದು ಸುಮಾರು 450 ನಾಣ್ಯ.

ಈಗ ಖರ್ಚು ನೋಡಿ. ಇಂಥ ಕೆಲಸಕ್ಕೆಂದೇ ಮಾಡಿದ ಸಾಮಾನ್ಯ ಯಂತ್ರವೊಂದು ಸುಮಾರು 3,250 ವಾಟ್ ಎಳೆಯುತ್ತದೆ. ಅದು ನಾಲ್ಕೂವರೆ ಎಚ್.ಪಿ. ಪಂಪನ್ನು ಹಗಲಿರುಳು ಓಡಿಸಿದಂತೆ. ದಿನಕ್ಕೆ 78 ಯೂನಿಟ್, ತಿಂಗಳಿಗೆ 2,340 ಯೂನಿಟ್. ಯೂನಿಟ್ಟಿಗೆ ರೂ. 7 ಎಂದು ಹಿಡಿದರೆ ತಿಂಗಳಿಗೆ ರೂ. 16,380 ಆಯಿತು. ಯಂತ್ರದ ಬೆಲೆ ಬೇರೆ, ಅದರ ಕಾವು ಇಳಿಸುವ ಖರ್ಚು ಬೇರೆ. ಪೈಪೋಟಿಗಿರುವವರು ಸಾವಿರಾರು ಯಂತ್ರ ಸಾಲಾಗಿ ಕೂರಿಸಿದ ದೊಡ್ಡ ಕಂಪನಿಗಳು. ಭೂತಾನಿನಲ್ಲಿ ಸರ್ಕಾರದ ಸಂಸ್ಥೆಯೇ ಜಲವಿದ್ಯುತ್ತಿನಿಂದ ಈ ಕೆಲಸಕ್ಕೆ ಇಳಿದಿದೆ. ಅವರ ನಡುವೆ ಹಟ್ಟಿಯಲ್ಲಿ ಇಟ್ಟ ಒಂದು ಯಂತ್ರ ಎಷ್ಟು ಗಳಿಸೀತು?

‘ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ ಇದೆಯಲ್ಲ, ಅದರಲ್ಲೇ ಓಡಿಸೋಣ’ ಎಂದು ಸಲಹೆ ಕೊಡುವವರಿದ್ದಾರೆ. ಆ ಮಾತಿಗೆ ಕಿವಿಗೊಡಬೇಡಿ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತವಾಗಿ ಕೊಡುವುದು ನೀರೆತ್ತಲು. ಬೇರೆ ಕೆಲಸಕ್ಕೆ ಬಳಸಿದರೆ ಅದು 2003ರ ವಿದ್ಯುತ್ ಕಾಯಿದೆಯಂತೆ ಅನಧಿಕೃತ ಬಳಕೆ. ದುಪ್ಪಟ್ಟು ದರದ ಬಿಲ್ಲು ತಲೆಯ ಮೇಲೆ ಬೀಳುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಒಂದೇ ಟಿ.ಸಿ.ಯನ್ನು ಹಂಚಿಕೊಂಡ ಪಕ್ಕದ ಹೊಲದವನ ಮೋಟಾರು ನಿಮ್ಮಿಂದ ಸುಡಬಾರದು.

ಬೀಗದ ಕೈ ಯಾರ ಬಳಿ?

ಇಷ್ಟೆಲ್ಲ ಕೇಳಿದ ಮೇಲೂ ಓದಿದ ಮಗನೋ ಮಗಳೋ ತನ್ನ ಸಂಬಳದಲ್ಲಿ ಒಂದಿಷ್ಟು ಕೊಂಡಿರಬಹುದು. ಹಾಗಿದ್ದರೆ ಜಗಳ ಬೇಡ. ‘ಬೀಗದ ಕೈ ಯಾರ ಬಳಿ ಇದೆ?’ ಎಂದು ಕೇಳಿ.

ಕೊಡುಕೊಳ್ಳುವ ಮೊಬೈಲ್ ಕಂಪನಿಯಲ್ಲೇ ನಾಣ್ಯ ಬಿಟ್ಟರೆ ಅದು ಬೆಲ್ಲವನ್ನು ದಲ್ಲಾಳಿಯ ಮಂಡಿಯಲ್ಲಿ ಬಿಟ್ಟು ಬಂದಂತೆ. ಮಂಡಿಗೆ ಕನ್ನ ಬಿದ್ದರೆ ನಿಮ್ಮ ಮಾಲೂ ಹೋಗುತ್ತದೆ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಕಂಪನಿಯಿಂದ 23 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಯ ನಾಣ್ಯ ಕಳವಾಯಿತು. ಗಿರಾಕಿಗಳು ವರ್ಷಕ್ಕೂ ಹೆಚ್ಚು ಕಾಲ ಕಾದರು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ನಷ್ಟವನ್ನು ತಾನೇ ಹೊರುವುದಾಗಿ ಆ ಕಂಪನಿ ಹೇಳಿತು. ತುಮಕೂರಿನ ಯುವಕರು 2013ರಲ್ಲಿ ಆರಂಭಿಸಿದ ಯುನೊಕಾಯಿನ್‌ನಿಂದ 2017ರಲ್ಲಿ ಸುಮಾರು 60 ಬಿಟ್‌ಕಾಯಿನ್ ಕಳವಾದ ಪ್ರಕರಣವೂ ರಾಜ್ಯದ ವಿಶೇಷ ತನಿಖಾ ತಂಡದ ಕೈಗೆ ಬಂತು. ಬ್ಯಾಂಕಿನ ಠೇವಣಿಗೆ ರೂ. 5 ಲಕ್ಷದವರೆಗೆ ವಿಮೆ ಇದೆ. ಇದಕ್ಕೆ ಅಂಥದ್ದಿಲ್ಲ.

ನಾಣ್ಯವನ್ನು ಸ್ವಂತ ‘ವ್ಯಾಲೆಟ್’ನಲ್ಲಿ ಇಟ್ಟುಕೊಂಡರೆ ಬೀಗದ ಕೈ ನಿಮ್ಮದು. ಆ ಕೈ ಎಂದರೆ ಸಾಮಾನ್ಯವಾಗಿ 12 ಅಥವಾ 24 ಇಂಗ್ಲಿಷ್ ಪದಗಳ ಸಾಲು. ಅದನ್ನು ತಿಳಿದವನೇ ಹಣದ ಯಜಮಾನ. ಮರೆತರೆ ದೇವರೂ ತೆಗೆಯಲಾರ. ಬ್ರಿಟನ್ನಿನ ನ್ಯೂಪೋರ್ಟಿನ ಒಬ್ಬಾತನ ಬೀಗದ ಕೈ ಇದ್ದ ಕಂಪ್ಯೂಟರಿನ ತಟ್ಟೆ 2013ರಲ್ಲಿ ಕಸದೊಂದಿಗೆ ಹೋಯಿತು. ಅದರಲ್ಲಿ ಸುಮಾರು 8,000 ಬಿಟ್‌ಕಾಯಿನ್ ಇದ್ದುವೆಂದು ಅವನ ಹೇಳಿಕೆ. ಕಸದ ಗುಡ್ಡೆ ಅಗೆಯಲು ಅಪ್ಪಣೆ ಬೇಡಿ ಹೂಡಿದ ದಾವೆಯನ್ನು 2025ರ ಜನವರಿಯಲ್ಲಿ ನ್ಯಾಯಾಲಯ ತಳ್ಳಿಹಾಕಿತು.

ಆದ್ದರಿಂದ ಆ ಪದಗಳನ್ನು ಕಾಗದದ ಮೇಲೆ ಕೈಯಿಂದ ಬರೆದು, ಎರಡು ಪ್ರತಿ ಮಾಡಿ, ಪಹಣಿ ಪತ್ರಗಳಷ್ಟೇ ಜೋಪಾನವಾಗಿ ಎರಡು ಬೇರೆ ಜಾಗದಲ್ಲಿ ಇಡತಕ್ಕದ್ದು. ಇಲಿ, ಗೆದ್ದಲು, ಸೋರುವ ಹೆಂಚು ಮೂರರಿಂದಲೂ ಕಾಪಾಡಬೇಕು. ಮೊಬೈಲಿನಲ್ಲಿ ಫೋಟೋ ತೆಗೆಯಬಾರದು, ವಾಟ್ಸಾಪಿನಲ್ಲಿ ಕಳುಹಿಸಬಾರದು. ಕಂಪನಿಯಿಂದ ಮಾತಾಡುತ್ತಿದ್ದೇನೆ ಎಂದು ಫೋನಿನಲ್ಲಿ ಆ ಪದ ಕೇಳುವವನು ಕಳ್ಳನೇ ಹೊರತು ಬೇರೆಯಲ್ಲ. ಇಂಥದೊಂದು ಆಸ್ತಿ ಇದೆಯೆಂಬುದು, ಅದರ ಚೀಟಿ ಎಲ್ಲಿದೆಯೆಂಬುದು ಹೆಂಡತಿಗೋ ತಂದೆತಾಯಿಗೋ ತಿಳಿದಿರಲಿ. ನಾಳೆ ಹೆಚ್ಚುಕಡಿಮೆಯಾದರೆ ಪೌತಿಖಾತೆ ಮಾಡಿಕೊಡಲು ಇದಕ್ಕೆ ತಾಲ್ಲೂಕು ಕಚೇರಿ ಇಲ್ಲ.

ಕಾನೂನು, ತೆರಿಗೆ

ರಿಸರ್ವ್ ಬ್ಯಾಂಕು 2013ರ ಡಿಸೆಂಬರಿನಿಂದಲೇ ಇದರ ಬಗ್ಗೆ ಎಚ್ಚರಿಸುತ್ತ ಬಂದಿದೆ. ಈ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು 2018ರ ಏಪ್ರಿಲಿನಲ್ಲಿ ಅದು ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದುಪಡಿಸಿತು. ಕೊಳ್ಳುವುದು ಅಪರಾಧವಲ್ಲ, ಹಾಗೆಂದು ಅದು ಸರ್ಕಾರದ ಹಣವೂ ಅಲ್ಲ. ರಿಸರ್ವ್ ಬ್ಯಾಂಕು 2022ರ ಡಿಸೆಂಬರಿನಲ್ಲಿ ಪ್ರಯೋಗಕ್ಕೆ ತಂದ ಇ–ರೂಪಾಯಿ ಬೇರೆಯದೇ ವಸ್ತು. ಎರಡನ್ನೂ ಬೆರೆಸಿ ಹೇಳುವವರನ್ನು ನಂಬಬೇಡಿ.

ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಕಬ್ಬಿನ ಹಣದಲ್ಲಿ ಕೊಂಡ ನಾಣ್ಯದ ಲಾಭ ಬೇಸಾಯದ ಆದಾಯವಲ್ಲ. 2022ರ ಏಪ್ರಿಲ್ 1ರಿಂದ ಅದಕ್ಕೆ ನೂರಕ್ಕೆ 30ರ ತೆರಿಗೆಯೂ ಅದರ ಮೇಲೆ ಸೆಸ್ಸೂ ಬಿದ್ದಿದೆ. ಒಂದರಲ್ಲಿ ರೂ. 50,000 ಲಾಭ, ಇನ್ನೊಂದರಲ್ಲಿ ರೂ. 50,000 ನಷ್ಟವಾದರೆ ಎರಡಕ್ಕೂ ವಜಾ ಹಾಕುವಂತಿಲ್ಲ. ಲಾಭದ ಮೇಲೆ ರೂ. 15,000 ಕಟ್ಟಲೇಬೇಕು. ಗಣಿಗಾರಿಕೆಯ ಕರೆಂಟು ಬಿಲ್ಲನ್ನೂ ಖರ್ಚೆಂದು ಕಳೆಯಲು ಬಿಡುವುದಿಲ್ಲ. ಇಷ್ಟು ಗಟ್ಟಿಯಾಗಿ ತೆರಿಗೆ ವಸೂಲು ಮಾಡುವ ಸರ್ಕಾರ, ಹಣ ಕಳೆದುಕೊಂಡವನ ರಕ್ಷಣೆಗೂ ಅಷ್ಟೇ ಗಟ್ಟಿಯಾದ ಕಾನೂನು ಮಾಡಬೇಕಿತ್ತು. ಸುಗ್ಗಿಯ ಕಾಲದಲ್ಲಿ ಪ್ರತಿ ಸಹಕಾರ ಸಂಘದ, ಹಾಲಿನ ಡೈರಿಯ ಬಾಗಿಲಲ್ಲಿ ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಅಂಟಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಮಾಡತಕ್ಕದ್ದೇನು?

ಬೆಳೆಯ ಹಣ, ಜಮೀನಿನ ಪರಿಹಾರದ ಹಣ, ಸಾಲದ ಹಣ ಈ ಮೂರನ್ನೂ ಈ ನಾಣ್ಯದ ಹತ್ತಿರ ಸುಳಿಯಗೊಡಬೇಡಿ. ಪರಿಹಾರದ ಹಣವಂತೂ ಹಣವಲ್ಲ, ರೂಪಾಯಿಯಾಗಿ ನಿಂತಿರುವ ನಿಮ್ಮ ಜಮೀನು. ಮೊದಲು ಕೈಸಾಲ ತೀರಿಸಿ, ಮುಂದಿನ ಬೆಳೆಯ ಬಂಡವಾಳ ತೆಗೆದಿಡಿ, ಉಳಿದದ್ದನ್ನು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಡಿ. ಆಮೇಲೂ ಮಗನ ಸ್ವಂತ ದುಡಿಮೆಯಲ್ಲಿ ಮಿಕ್ಕಿ, ಹೋದರೂ ಒಲೆ ಆರದಷ್ಟು ಹಣವಿದ್ದರೆ, ಅದು ಅವನ ಇಷ್ಟ. ಆಗಲೂ ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾದ ಕಂಪನಿಯಲ್ಲಿ, ತನ್ನ ಹೆಸರಿನಲ್ಲಿಯೇ ಮಾಡಲಿ. ಮೋಸಹೋದದ್ದು ತಿಳಿದ ಕೂಡಲೇ ನಾಚಿಕೆಪಟ್ಟು ಮುಚ್ಚಿಡದೆ 1930ಕ್ಕೆ ಫೋನು ಮಾಡಿ. ಗಂಟೆ ಕಳೆದಷ್ಟೂ ಹಣ ದೂರ ಹೋಗುತ್ತದೆ.

ಬೇಸಾಯದಲ್ಲಿ ಲಾಭ ಕಾಣದ ಹುಡುಗನಿಗೆ ಬೇರೆ ದಾರಿ ಹುಡುಕಬೇಕೆನ್ನಿಸುವುದು ತಪ್ಪಲ್ಲ. ಮನೆಯಲ್ಲಿ ಅವನೊಡನೆ ಕೂತು ಈ ಲೆಕ್ಕವನ್ನು ಹಾಕಿ. ಆಲೆಮನೆಯಲ್ಲಿ ಪಾಕ ಬಂತೋ ಇಲ್ಲವೋ ಎಂಬುದನ್ನು ಕೈಯಲ್ಲಿ ಹಿಡಿದು ನೋಡುತ್ತೀರಿ, ಇನ್ನೊಬ್ಬರ ಬಾಯಿಮಾತಿನ ಮೇಲೆ ಕೊಪ್ಪರಿಗೆ ಇಳಿಸುವುದಿಲ್ಲ. ನಿಮ್ಮ ಹಣದ ವಿಷಯದಲ್ಲಿಯೂ ಅಷ್ಟು ಎಚ್ಚರವಿದ್ದರೆ ಸಾಕು.