ತವರಿಲ್ಲದವಳ ವರದಕ್ಷಿಣೆ

ಶ್ರಾವಣದಲ್ಲಿ ಪಂಚಮಿ ಹಬ್ಬ ಹತ್ತಿರ ಬಂತೆಂದರೆ ನಮ್ಮ ಕಡೆ ಬಸ್ಸುಗಳ ತುಂಬ ಹೆಣ್ಣುಮಕ್ಕಳು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ಯಾವ ಬಸ್ ನಿಲ್ದಾಣಕ್ಕೆ ಹೋದರೂ ಅದೇ ನೋಟ. ಕರೆಯಲು ಬಂದ ತಮ್ಮ ಕೈಚೀಲ ಹಿಡಿದು ಮುಂದೆ, ಕೂಸನ್ನು ಎತ್ತಿಕೊಂಡ ಅಕ್ಕ ಹಿಂದೆ. ಶೇಂಗಾ ಉಂಡಿ, ಅಳ್ಳಿಟ್ಟು, ಜೋಕಾಲಿ, ಇವೆಲ್ಲ ಹಬ್ಬದ ಹೊರಮೈ. ಒಳಗಿನ ಮಾತು ಬೇರೆ. ವರ್ಷಕ್ಕೊಮ್ಮೆಯಾದರೂ ತವರಿನವರು ಬಂದು ಮಗಳ ಮುಖ ನೋಡುತ್ತಾರೆ. ಸೊರಗಿದ್ದಾಳೆಯೇ, ಕೊರಳಲ್ಲಿದ್ದ ಬಂಗಾರ ಇದೆಯೇ, ತೋಳಿನ ಮೇಲೆ ಬಾಸುಂಡೆ ಎದ್ದಿದೆಯೇ, ಎಲ್ಲವನ್ನೂ ತಾಯಿಯ ಕಣ್ಣು ಒಂದೇ ನೋಟದಲ್ಲಿ ಅಳೆಯುತ್ತದೆ. ಹಾಗೆ ಅಳೆಯುವ ಕಣ್ಣೊಂದಿದೆ ಎಂಬುದು ಅತ್ತೆಯ ಮನೆಯವರಿಗೂ ಗೊತ್ತಿರುತ್ತದೆ.

ತವರನ್ನು ನಾನು ಹೊಗಳುತ್ತ ಕೂತಿಲ್ಲ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ಗಾದೆ ಹುಟ್ಟಿದ್ದೂ ತವರಿನಲ್ಲೇ. ಹೊಡೆತ ತಿಂದು ಬಂದ ಮಗಳಿಗೆ ‘ಹೊಂದಿಕೊಂಡು ಹೋಗವ್ವ’ ಎಂದು ಬುದ್ಧಿ ಹೇಳಿ ಮರುದಿನದ ಬಸ್ಸು ಹತ್ತಿಸಿ, ಆಮೇಲೆ ಅವಳ ಹೆಣದ ಮುಂದೆ ಅತ್ತ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಆದರೂ ತವರು ಅರ್ಧ ತೆರೆದ ಬಾಗಿಲು. ಆ ಅರ್ಧ ಬಾಗಿಲೂ ಇಲ್ಲದ ಹೆಣ್ಣುಮಕ್ಕಳ ಬಗ್ಗೆ ನಾವು ಎಷ್ಟು ಯೋಚಿಸಿದ್ದೇವೆ? ಸರ್ಕಾರದ ಬಾಲಮಂದಿರದಲ್ಲಿ ಬೆಳೆದು, ಹದಿನೆಂಟು ತುಂಬಿದ ದಿನ ಹೊರಗೆ ನಿಲ್ಲುವ ಹುಡುಗಿಯರ ಮಾತು ಇದು.

ನಾನು ತಾಲ್ಲೂಕು ಊರೊಂದರ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ನಿವೃತ್ತಿಗೆ ಕೆಲವು ವರ್ಷ ಮೊದಲು ಬಿ.ಎ. ಮೊದಲ ವರ್ಷಕ್ಕೆ ಒಬ್ಬ ಹುಡುಗಿ ಬಂದಳು. ಹೆಸರು ಬೇಡ. ಚಿಕ್ಕಂದಿನಿಂದ ನಿಲಯಗಳಲ್ಲೇ ಬೆಳೆದವಳು. ಮುಂದಿನ ಬೆಂಚು, ಮುತ್ತಿನಂಥ ಅಕ್ಷರ. ಒಂದು ದಿನ ತರಗತಿ ಮುಗಿದ ಮೇಲೆ ನಿಂತು, “ಮೇಡಂರೀ, ನಾಳಿಂದ ನಾ ಬರೂದಿಲ್ಲರಿ. ನನಗ ಹದಿನೆಂಟ ಆತು” ಅಂದಳು. ಹದಿನೆಂಟು ತುಂಬಿದರೆ ಮತದಾನದ ಹಕ್ಕು ಬರುತ್ತದೆ ಎಂದು ಅದೇ ತರಗತಿಯಲ್ಲಿ ಪಾಠ ಮಾಡಿದವಳು ನಾನು! ಅದೇ ಹದಿನೆಂಟು ಒಬ್ಬಳ ಊಟ, ಹಾಸಿಗೆ, ಓದು ಮೂರನ್ನೂ ಒಂದೇ ದಿನ ಕಸಿದುಕೊಳ್ಳಬಹುದೆಂದು ನನಗೆ ಹೊಳೆದಿರಲಿಲ್ಲ.

ಕೆಲವೇ ತಿಂಗಳಲ್ಲಿ ಅವಳ ಮದುವೆಯಾಯಿತು. ಹತ್ತಿರದ ಹಳ್ಳಿಯ ಒಕ್ಕಲುತನದ ಮನೆತನ. ವರದಕ್ಷಿಣೆ ಇಲ್ಲ, ಬಂಗಾರ ಇಲ್ಲ, ಖರ್ಚೆಲ್ಲ ವರನ ಕಡೆಯವರದೇ. ‘ಅನಾಥೆಗೆ ಬಾಳು ಕೊಟ್ಟರು’ ಎಂದು ಊರು ಹೊಗಳಿತು. ನಾನೂ ಹೊಗಳಿದೆ, ಈ ತಪ್ಪನ್ನು ಒಪ್ಪಿಕೊಳ್ಳಬೇಕು. ವರದಕ್ಷಿಣೆಯ ವಿರುದ್ಧ ಭಾಷಣ ಮಾಡಿ ಗಂಟಲು ಒಣಗಿಸಿಕೊಂಡವಳಿಗೆ ಒಂದು ರೂಪಾಯಿ ಕೇಳದ ಬೀಗರು ಸಿಕ್ಕರೆ ಸಂತೋಷವಾಗದೆ ಇದ್ದೀತೆ?

ಎರಡು ವರ್ಷದ ನಂತರ ಒಂದು ಸಂಜೆ ಅವಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಕೂಸು, ಹುಬ್ಬಿನ ಮೇಲೆ ಒಣಗಿದ ರಕ್ತ. ಮೊದಲು ತಾನು ಬೆಳೆದ ನಿಲಯಕ್ಕೆ ಹೋಗಿದ್ದಳಂತೆ. ‘ಹದಿನೆಂಟು ದಾಟಿದವರನ್ನು, ಅದರಲ್ಲೂ ಮದುವೆಯಾದವರನ್ನು ಇಟ್ಟುಕೊಳ್ಳಲು ನಮಗೆ ಬರುವುದಿಲ್ಲ’ ಎಂದು ಕಳಿಸಿದರಂತೆ. ಅತ್ತೆಯ ಮನೆಯಲ್ಲಿ ದಿನಾ ಒಂದೇ ಮಾತು: “ಒಂದ ರೂಪಾಯಿ ತಗೊಳ್ಳದ ನಿನ್ನ ಮಾಡ್ಕೊಂಡೇವಿ.” ಆಳು ಬಿಡಿಸಿ ಹೊಲದ ಕೆಲಸಕ್ಕೆ ಅವಳನ್ನು ಹಚ್ಚಿದ್ದರು. ಎದುರಾಡಿದರೆ, “ಹೋಗ್ತೀನಿ ಅಂತಿ, ಎಲ್ಲಿಗೆ ಹೋಗ್ತಿ?” ಅವಳು ಅಳದೆ ಹೇಳಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ: “ಹೊಡತಕ್ಕ ನಾ ಅಂಜೂದಿಲ್ಲರಿ ಮೇಡಂ. ಹೊಡದ್ರ ಕೇಳಾಕ ಯಾರೂ ಬರೂದಿಲ್ಲ ಅಂತ ಅವರಿಗೆ ಗೊತ್ತೈತಲ್ಲ, ಅದಕ್ಕ ಅಂಜ್ತೀನಿ.”

ಗೆಳತಿಯರೇ, ಆ ಮಾತು ವರದಕ್ಷಿಣೆಯ ಬಗ್ಗೆ ನನಗಿದ್ದ ತಿಳಿವಳಿಕೆಯನ್ನೇ ಅಲುಗಾಡಿಸಿತು. 1961ರ ಕಾಯ್ದೆ ವರದಕ್ಷಿಣೆಯನ್ನು ಕೊಟ್ಟ, ಕೊಡಲು ಒಪ್ಪಿದ ಆಸ್ತಿ ಎಂದು ಗುರುತಿಸುತ್ತದೆ. ಕೊಡುವವರೇ ಇಲ್ಲದಲ್ಲಿ ವರದಕ್ಷಿಣೆಯೂ ಇಲ್ಲ ಎಂದು ನಾವು ಲೆಕ್ಕ ಹಾಕಿಬಿಟ್ಟಿದ್ದೇವೆ. ಆದರೆ ಈ ಹುಡುಗಿಯಿಂದ ವಸೂಲಿ ನಡೆದೇ ಇತ್ತು. ಬಿಟ್ಟುಕೊಟ್ಟ ಹಣದ ಲೆಕ್ಕವನ್ನು ದುಡಿಮೆಯಲ್ಲಿ, ಮೌನದಲ್ಲಿ, ಕೃತಜ್ಞತೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ‘ಬಾಳು ಕೊಟ್ಟೆವು’ ಎಂಬ ಮಾತೇ ಸಾಲಪತ್ರ. ಅದಕ್ಕೆ ಅಸಲೂ ತೀರುವುದಿಲ್ಲ, ಬಡ್ಡಿಯೂ ತೀರುವುದಿಲ್ಲ.

ಇದು ಒಬ್ಬಳ ಹಣೆಬರಹವಲ್ಲ, ವ್ಯವಸ್ಥೆಯ ರೀತಿಯೇ ಹಾಗಿದೆ. ಬಾಲಮಂದಿರದಲ್ಲಿ ಬೆಳೆದ ಹುಡುಗ ಹದಿನೆಂಟಕ್ಕೆ ಹೊರಬಿದ್ದರೆ ‘ಏನು ಕೆಲಸ ಮಾಡುತ್ತೀಯ’ ಎಂದು ಕೇಳುತ್ತಾರೆ. ಅವನ ಪಾಡೂ ಸುಖದ್ದಲ್ಲ; ಹೋಟೆಲು, ಗ್ಯಾರೇಜು ಎಂದು ಅಲೆಯುತ್ತಾನೆ. ಆದರೆ ಹುಡುಗಿಗೆ ಕೇಳುವ ಪ್ರಶ್ನೆ ಒಂದೇ, ‘ಮದುವೆ ಯಾವಾಗ?’ ಹುಬ್ಬಳ್ಳಿ, ದಾವಣಗೆರೆ, ಉಡುಪಿ ಮೊದಲಾದ ಕಡೆ ಸರ್ಕಾರದ ರಾಜ್ಯ ಮಹಿಳಾ ನಿಲಯಗಳಿವೆ. ಬಾಲಮಂದಿರದಲ್ಲಿ ಹದಿನೆಂಟು ತುಂಬಿದ, ಹೋಗಲು ನೆಲೆಯಿಲ್ಲದ ಕೆಲವರು ಅಲ್ಲಿಗೆ ಬರುತ್ತಾರೆ. ಅಲ್ಲಿ ಅಧಿಕಾರಿಗಳೇ ಹಿರಿಯರಾಗಿ ನಿಂತು ಮಾಡಿದ ಮದುವೆಗಳ ಚಿತ್ರಗಳು ಆಗಾಗ ಪತ್ರಿಕೆಯಲ್ಲಿ ಬರುತ್ತವೆ. ಇನ್ನೊಂದು ಕಡೆ ಒಕ್ಕಲಿಗರ ಗಂಡುಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ. 2023ರಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಹೆಣ್ಣು ಭ್ರೂಣವನ್ನು ಕೊಂದ ಸಮಾಜ ಈಗ ನಿಲಯದ ಬಾಗಿಲಲ್ಲಿ ಹೆಣ್ಣು ಕೇಳಲು ನಿಂತಿದೆ.

ಈ ಮದುವೆಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ವರನ ಮನೆ, ಆದಾಯ, ಆರೋಗ್ಯ ವಿಚಾರಿಸಿ, ಹುಡುಗಿಯ ಒಪ್ಪಿಗೆ ಕೇಳಿ, ಸ್ವಂತ ಮಗಳಂತೆ ಧಾರೆ ಎರೆದ ಅಧೀಕ್ಷಕಿಯರಿದ್ದಾರೆ. ಸುಖವಾಗಿ ಸಂಸಾರ ಮಾಡಿಕೊಂಡವರೂ ಇದ್ದಾರೆ. ನನ್ನ ತಕರಾರು ಮದುವೆಯ ಬಗ್ಗೆ ಅಲ್ಲ, ಮದುವೆಯನ್ನೇ ಪುನರ್ವಸತಿ ಎಂದು ಬರೆದು ಕಡತ ಮುಚ್ಚುವುದರ ಬಗ್ಗೆ. ಬೇರೆ ಹಾದಿಯೇ ಇಲ್ಲದವಳನ್ನು ‘ಒಪ್ಪಿಗೆಯೇ’ ಎಂದು ಕೇಳಿದರೆ ಅವಳ ‘ಹೂಂ’ಗೆ ಎಷ್ಟು ಬೆಲೆ?

ಬೇರೆ ಹಾದಿಯನ್ನು ಕಾನೂನು ತಕ್ಕಮಟ್ಟಿಗೆ ತೋರಿಸಿದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ‘ನಂತರದ ಆರೈಕೆ’ ಎಂಬ ಮಾತಿದೆ. ಹದಿನೆಂಟು ತುಂಬಿ ಸಂಸ್ಥೆ ಬಿಟ್ಟವರಿಗೆ ಇಪ್ಪತ್ತೊಂದರವರೆಗೆ ಹಣದ ಮತ್ತು ಇತರ ನೆರವು ಕೊಡಬಹುದು. ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ ಮುಂದುವರಿಸಬಹುದೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಮಗು ಹೊರಹೋಗುವ ಎರಡು ತಿಂಗಳು ಮೊದಲೇ ಅದರ ಮುಂದಿನ ಬದುಕಿನ ಯೋಜನೆ ಸಿದ್ಧವಾಗಬೇಕು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಇದಕ್ಕಾಗಿ ತಿಂಗಳಿಗೆ 4,000 ರೂಪಾಯಿ ಇದೆ. ಆದರೆ ಕಾಯ್ದೆಯ 46ನೆಯ ಕಲಮಿನಲ್ಲಿರುವ ಕ್ರಿಯಾಪದವನ್ನು ಗಮನಿಸಿ: ‘ನೀಡಬಹುದು’. ‘ನೀಡತಕ್ಕದ್ದು’ ಎಂದಿಲ್ಲ. ಇಡೀ ಬದುಕು ಆ ‘ಬಹುದು’ ಎಂಬ ಮೂರಕ್ಷರದ ಮೇಲೆ ನಿಂತಿದೆ. ಹಕ್ಕಾಗಿ ಬಾರದ ನೆರವನ್ನು ಕೇಳಿ ಪಡೆಯಬೇಕು. ಕೇಳಲು ಅದು ಇದೆಯೆಂದಾದರೂ ಗೊತ್ತಿರಬೇಕು. ನನ್ನ ವಿದ್ಯಾರ್ಥಿನಿಗೆ ಗೊತ್ತಿರಲಿಲ್ಲ. ರಾಜ್ಯಶಾಸ್ತ್ರ ಕಲಿಸುತ್ತಿದ್ದ ನನಗೂ ಆಗ ಗೊತ್ತಿರಲಿಲ್ಲ.

ಬಾಲಮಂದಿರದಲ್ಲಿರುವವರೆಲ್ಲ ಅನಾಥರಲ್ಲ ಎಂಬುದನ್ನೂ ನೆನಪಿಡಬೇಕು. ಬಾಲ್ಯವಿವಾಹ ತಡೆದು ಕರೆತಂದ ಹುಡುಗಿಯರು ಅಲ್ಲಿದ್ದಾರೆ. ಮನೆಯವರಿಂದಲೇ ದೌರ್ಜನ್ಯಕ್ಕೊಳಗಾದವರಿದ್ದಾರೆ. 1098ಕ್ಕೆ ಕರೆ ಮಾಡಿ ಹಂದರದಿಂದ ಬಿಡಿಸಿ ತಂದ ಹುಡುಗಿಯನ್ನು ಹದಿನೆಂಟು ತುಂಬಿದ ಮೇಲೆ ಅದೇ ಮನೆಗೆ, ಯಾವ ಓದೂ ಕಸುಬೂ ಕೈಯಲ್ಲಿಲ್ಲದೆ ಕಳಿಸಿದರೆ ನಾವು ತಡೆದದ್ದೇನು? ಮದುವೆಯನ್ನಲ್ಲ, ಅದರ ತಾರೀಖನ್ನು ಮಾತ್ರ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. 1928ರಲ್ಲಿ ಧಾರವಾಡದಲ್ಲಿ ಭಾಗೀರಥಿಬಾಯಿ ಪುರಾಣಿಕರು ವನಿತಾ ಸೇವಾ ಸಮಾಜ ಕಟ್ಟಿದರು. ತಾವೇ ವಿಧವೆಯಾಗಿದ್ದ ಆ ತಾಯಿ, ಗತಿಯಿಲ್ಲದ ಹೆಣ್ಣುಮಕ್ಕಳಿಗೆ ಆಶ್ರಯದ ಜೊತೆಗೆ ವಿದ್ಯೆ ಕೊಟ್ಟರು. ಅನ್ನ ಹಾಕುವುದಷ್ಟೇ ಸಾಲದು, ಅನ್ನ ದುಡಿಯುವ ಶಕ್ತಿ ಬರುವತನಕ ಕೈ ಬಿಡಬಾರದು ಎಂಬುದು ಅವರಿಗೆ ತಿಳಿದಿತ್ತು. ಸುಮಾರು ನೂರು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳಿಗೆ ತಿಳಿದದ್ದು ನಮ್ಮ ಸರ್ಕಾರಕ್ಕೆ ಏಕೆ ತಿಳಿಯುತ್ತಿಲ್ಲ?

ನಾವು ಒತ್ತಾಯಿಸಬೇಕಾದದ್ದು ಇಷ್ಟು. ‘ನೀಡಬಹುದು’ ಎಂಬುದು ‘ನೀಡತಕ್ಕದ್ದು’ ಎಂದಾಗಬೇಕು. ಓದುತ್ತಿರುವ ಹುಡುಗಿಯನ್ನು ಓದು ಮುಗಿಯುವ ಮೊದಲು ಹೊರಗೆ ಕಳಿಸಬಾರದು. ಸರ್ಕಾರಿ ಹಾಸ್ಟೆಲುಗಳಲ್ಲಿ ಅವಳಿಗೆ ಜಾಗ ಮೀಸಲಿರಬೇಕು. ಹೊರಡುವ ದಿನ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕಿನ ಪಾಸ್‌ಬುಕ್ ಅವಳ ಕೈಯಲ್ಲಿ, ಅವಳ ಹೆಸರಿನಲ್ಲಿ ಇರಬೇಕು. ಮದುವೆಯಾದರೆ ನೆರವು ನಿಲ್ಲಬಾರದು. ಮದುವೆ ಮಾಡಿಕೊಟ್ಟ ನಿಲಯ ಕನಿಷ್ಠ ಐದು ವರ್ಷ ಅವಳ ಮನೆಗೆ ಹೋಗಿ ಬರಬೇಕು, ಮುಂಗಡ ತಿಳಿಸದೆ ಹೋಗಬೇಕು. ಪಂಚಮಿಗೆ ಕರೆಯಬೇಕು, ಬಾಣಂತನ ಮಾಡಬೇಕು. ಚೊಚ್ಚಲ ಕೂಸಿಗೆ ತವರಿನಿಂದ ಬಣ್ಣದ ಕಲಘಟಗಿ ತೊಟ್ಟಿಲು ಬಂದರೆ ಓಣಿಯವರೆಲ್ಲ ಬಂದು ನೋಡುತ್ತಾರೆ. ಅದು ಬರೀ ಕಟ್ಟಿಗೆಯ ವಸ್ತುವಲ್ಲ. ಈ ಹುಡುಗಿಗೆ ಹಿಂದೆ ಜನ ಇದ್ದಾರೆ ಎಂಬ ಸಾಕ್ಷಿ. ಅಂಥ ಸಾಕ್ಷಿಯನ್ನು ಸರ್ಕಾರವೂ ಒದಗಿಸಬೇಕು.

‘ಸಿಬ್ಬಂದಿ ಇಲ್ಲ, ಜೀಪಿಲ್ಲ’ ಎಂದು ಇಲಾಖೆಯವರು ಹೇಳುತ್ತಾರೆ. ನಿಜವೇ ಇರಬಹುದು. ಆದರೆ ಊರೂರಿಗೆ ಅಂಗನವಾಡಿ ಕಾರ್ಯಕರ್ತೆ ಇದ್ದಾಳೆ, ಸ್ತ್ರೀಶಕ್ತಿ ಸಂಘಗಳಿವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ನಿಲಯದಿಂದ ಯಾವ ಹುಡುಗಿ ಯಾವ ಊರಿಗೆ ಬಂದಿದ್ದಾಳೆ ಎಂದು ಅವಳ ಒಪ್ಪಿಗೆ ಪಡೆದು ಒಂದು ಪತ್ರ ಬರೆಯುವುದಕ್ಕೆ ಜೀಪು ಬೇಕಿಲ್ಲ.

ಆ ಸಂಜೆ ಬಂದ ಹುಡುಗಿ ನಮ್ಮ ಮನೆಯಲ್ಲಿ ಹನ್ನೊಂದು ದಿನ ಇದ್ದಳು. ಅವಳ ಗಂಡನ ಕಡೆಯವರು ಬಂದು, “ಕೇಳಾಕ ನೀವ್ಯಾರ್ರೀ?” ಅಂದರು. “ನಾನು ಅವಳ ತವರಿನಾಕಿ” ಅಂದೆ. ಧೈರ್ಯದಿಂದ ಹೇಳಿದ್ದಲ್ಲ, ಬೇರೆ ಉತ್ತರ ತೋಚದೆ ಬಂದ ಮಾತು. ಆದರೆ ಅವರ ದನಿ ಅಷ್ಟಕ್ಕೇ ಇಳಿದದ್ದನ್ನು ಕಣ್ಣಾರೆ ಕಂಡೆ. ಅವಳು ಆ ಮನೆಗೆ ಮರಳಲಿಲ್ಲ. ಈಗ ಹುಬ್ಬಳ್ಳಿಯಲ್ಲಿ ದುಡಿದು ಮಗಳನ್ನು ಓದಿಸುತ್ತಿದ್ದಾಳೆ. ಬಿ.ಎ. ಮಾತ್ರ ಮುಗಿಯಲಿಲ್ಲ. ಆ ನಷ್ಟವನ್ನು ನಾನು ಯಾರ ಲೆಕ್ಕಕ್ಕೆ ಬರೆಯಲಿ?

ಬರುವ ಪಂಚಮಿಗೆ ನಿಮ್ಮ ಓಣಿಯಲ್ಲಿ ಕರೆಯಲು ಯಾರೂ ಬಾರದ ಸೊಸೆಯೊಬ್ಬಳು ಇದ್ದಾಳೆಯೇ ನೋಡಿ. ಇದ್ದರೆ ಒಂದು ಡಬ್ಬಿ ಉಂಡಿ ಹಿಡಿದು ಅವಳ ಮನೆಗೆ ಹೋಗಿ. ಅತ್ತೆಯ ಎದುರಿಗೇ ಕೂತು, ಅವಳ ಮುಖ ನೋಡಿ, “ಹೆಂಗದೀ ಯವ್ವಾ?” ಎಂದು ಕೇಳಿ. ಕಾಯ್ದೆ ಬದಲಾಗುವವರೆಗೆ ನಾವು ಕಾಯಬಲ್ಲೆವು. ಅವಳು ಕಾಯಲಾರಳು.