ಕತ್ತರಿ ಯಾರಪ್ಪನದು ಸ್ವಾಮಿ?

ಕುರಿಯ ಉಣ್ಣೆ ತೆಗೆಯೋದಕ್ಕೆ ಕನ್ನಡದಲ್ಲಿ 'ಕತ್ತರಿಸೋದು', ಮರಾಠಿಯಲ್ಲಿ 'ಕಾತರಣೆ'. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ಎರಡೂ ಕಿವಿಗೆ ಬೀಳುತ್ತೆ. ಇಷ್ಟು ಸಾಕಲ್ಲ, ಯಾರ ಪದ ಯಾರು ಕದ್ದರು ಅಂತ ಜಗಳ ಶುರು!

ಯಾರೂ ಕದ್ದಿಲ್ಲ ಕಣ್ರೀ. ಸಂಸ್ಕೃತದ 'ಕರ್ತರೀ' ಪ್ರಾಕೃತದಲ್ಲಿ 'ಕತ್ತರೀ' ಆಯ್ತು. ಅದರಿಂದಲೇ ನಮ್ಮ ಕತ್ತರಿ, ಅವರ ಕಾತ್ರಿ. ನಾವು 'ಇಸು' ಅಂಟಿಸಿದೆವು, ಅವರು 'ಣೆ' ಅಂಟಿಸಿದರು. ಅಚ್ಚಗನ್ನಡ ಅಂತ ಬೀಗುವ 'ಉಣ್ಣೆ'ಯ ಮೂಲವೂ ಸಂಸ್ಕೃತದ 'ಊರ್ಣಾ'.

ಗಡಿಯ ವಾದಕ್ಕೆ 1967ರ ಮಹಾಜನ ವರದಿ ಇದೆ, 2004ರಿಂದ ಸುಪ್ರೀಂ ಕೋರ್ಟಿನಲ್ಲಿ ದಾವೆ ಇದೆ. ಕುರಿಗಾರನ ಪದವನ್ನ ಸಾಕ್ಷಿಕಟ್ಟೆಗೆ ಎಳೀಬೇಡಿ. ಡೆಕ್ಕನಿ ಕುರಿಯ ಒರಟು ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟೋದು ಕಷ್ಟ. ಕಂಬಳಿ ಕೊಳ್ಳೋರೇ ಇಲ್ಲದಿದ್ರೆ ಪದ ಯಾರ ಬಾಯಲ್ಲಿ ಉಳಿಯುತ್ತೆ? ಏನಂತೀರಿ?