ಜಪಾನಿನ ಕಾರ್ಡೂ ಚನ್ನಪಟ್ಟಣದ ಬೊಂಬೆಯೂ

ಜಪಾನಿನಿಂದ ಚಿತ್ರದ ಕಾರ್ಡು ತರಿಸಿಕೊಳ್ಳುವ ಹುಡುಗರನ್ನು ಬೈಯುವುದು ಈಗ ನಮ್ಮ ಹಿರಿಯರ ಕರ್ತವ್ಯಗಳಲ್ಲಿ ಒಂದಾಗಿದೆ. ಸಭೆ ಯಾವುದೇ ಇರಲಿ, ಭಾಷಣ ಮುಗಿಯುವ ಮುನ್ನ ಮಾತು ಯುವಜನರ ಅಧಃಪತನಕ್ಕೆ ಬಂದು ನಿಲ್ಲುತ್ತದೆ. ಅದಕ್ಕೆ ಉದಾಹರಣೆಯಾಗಿ ಮೊದಲು ಸಿನಿಮಾ ಇತ್ತು. ಆಮೇಲೆ ಕ್ರಿಕೆಟ್ ಬಂತು, ಮೊಬೈಲು ಬಂತು. ಈಗ ಪೊಕೆಮಾನ್ ಕಾರ್ಡಿನ ಸರದಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮನೆಗಳಿಂದ ಬರುವ ಹುಡುಗರಿಗೆ ಕನ್ನಡ ಪಾಠ ಹೇಳುವ ನಾನು ಈ ಬೈಗುಳವನ್ನು ಸಾಕಷ್ಟು ಕೇಳಿದ್ದೇನೆ. “ತಮ್ಮ ಊರಿನ ಬೊಂಬೆ ಬಿಟ್ಟು ಜಪಾನಿನ ಕಾಗದಕ್ಕೆ ದುಡ್ಡು ಸುರಿಯುತ್ತಾರೆ, ಇದು ದಾಸ್ಯವಲ್ಲದೆ ಮತ್ತೇನು?” ಎಂಬುದು ಅದರ ಸಾರ. ಈ ವಾದ ತಪ್ಪು ಎಂಬುದು ನನ್ನ ಅಭಿಪ್ರಾಯ. ತಪ್ಪಷ್ಟೇ ಅಲ್ಲ, ಹಾಗೆ ಹೇಳುವವರ ಕಡೆಗೇ ಬೆರಳು ತಿರುಗಿಸುವ ವಾದ ಅದು.

ಮೊದಲು ಈ ವ್ಯವಹಾರದ ಬಗೆಯನ್ನು ತಿಳಿಯೋಣ. ಪೊಕೆಮಾನ್ ಕಾರ್ಡಿನಾಟ ಜಪಾನಿನಲ್ಲಿ ಹೊರಟದ್ದು 1996ರ ಅಕ್ಟೋಬರಿನಲ್ಲಿ. ಅಲ್ಲಿನ ಹಳೆಯ ಕಾರ್ಡುಗಳು ಇಂದು ಯಾಹೂ ಹರಾಜು, ಮೆರ್ಕಾರಿ ಮೊದಲಾದ ಅಂತರ್ಜಾಲದ ಸಂತೆಗಳಲ್ಲಿ ಮಾರಾಟಕ್ಕೆ ಬರುತ್ತವೆ. ಮಾರುವವರಲ್ಲಿ ಬಹುಮಂದಿ ತಮ್ಮ ದೇಶದ ವಿಳಾಸಕ್ಕೆ ಮಾತ್ರ ಕಳಿಸುವವರು; ನಡೆಯುವ ಮಾತೂ ಜಪಾನಿ. ಆದ್ದರಿಂದ ನಡುವೆ ಒಬ್ಬ ಬೇಕು. ಝೆನ್‌ಮಾರ್ಕೆಟ್‌ನಂಥ ಕಂಪನಿಗಳು ಆ ಕೆಲಸಕ್ಕಾಗಿಯೇ ಹುಟ್ಟಿದವು. ಮಾಗಡಿಯ ಹುಡುಗ ಬೇಕಾದ ಕಾರ್ಡನ್ನು ತೋರಿಸುತ್ತಾನೆ; ಕಂಪನಿ ಅದನ್ನು ತನ್ನ ಹೆಸರಿನಲ್ಲಿ ಕೊಂಡು ತನ್ನ ಗೋದಾಮಿನಲ್ಲಿ ಇಟ್ಟುಕೊಳ್ಳುತ್ತದೆ; ನಾಲ್ಕಾರು ಕೂಡಿದ ಮೇಲೆ ಒಂದೇ ಗಂಟು ಕಟ್ಟಿ, ತೂಗಿ, ಕಳಿಸುತ್ತದೆ. ಕಾರ್ಡಿನ ಬೆಲೆ, ನಡುವಿನವನ ಕೂಲಿ, ಅಂಚೆಯ ವೆಚ್ಚ, ಇಲ್ಲಿಗೆ ಬಂದ ಮೇಲೆ ಸರ್ಕಾರದ ಸುಂಕ, ಎಲ್ಲವನ್ನೂ ಹುಡುಗ ತೆರುತ್ತಾನೆ.

ಇದರಲ್ಲಿ ನಮಗೆ ಹೊಸದೇನಿದೆ? ದಲ್ಲಾಳಿ, ಲಾಟು, ಹರಾಜು, ತೂಕ, ಕಮಿಷನ್ ಎಂಬ ಮಾತುಗಳನ್ನು ರಾಮನಗರದವರಿಗೆ ಯಾರೂ ಕಲಿಸಬೇಕಾಗಿಲ್ಲ. ಗೂಡಿನ ಮಾರುಕಟ್ಟೆಯ ನೆರಳಿನಲ್ಲಿ ಬೆಳೆದ ಹುಡುಗನಿಗೆ ಜಪಾನಿನ ಹರಾಜು ಅರ್ಥವಾಗದಿದ್ದರೆ ಸೋಜಿಗ. ಅರ್ಥವಾದರೆ ಅದು ಅಧಃಪತನವಲ್ಲ, ಊರಿನ ಸಂಸ್ಕಾರ.

ಜಪಾನೂ ಈ ಸೀಮೆಗೆ ಪರಕೀಯವಲ್ಲ. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದು ಜಪಾನಿನಿಂದ ತಜ್ಞರನ್ನು ಕರೆಸಿದ್ದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಬಸವನಗುಡಿಯ ಬಳಿಯ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಅದರ ಗುರುತು. 1991ರಿಂದ ಜಪಾನಿನ ಜೈಕಾ ಸಂಸ್ಥೆಯೂ ನಮ್ಮ ಕೇಂದ್ರ ರೇಷ್ಮೆ ಮಂಡಳಿಯೂ ಕೂಡಿ ದ್ವಿತಳಿ ರೇಷ್ಮೆಯನ್ನು ಕರ್ನಾಟಕದಲ್ಲಿ ನೆಲೆಗೊಳಿಸಲು ವರ್ಷಗಟ್ಟಲೆ ದುಡಿದವು. ಇನ್ನು ಬೊಂಬೆಯ ಮಾತು: ಚನ್ನಪಟ್ಟಣದ ಕಸುಬಿಗೆ ಹಿರಿಯರೆಂದು ಹೆಸರಾದ ಬಾವಾಸ್ ಮಿಯಾ ಜಪಾನಿನ ಬೊಂಬೆ ತಯಾರಿಕೆಯ ವಿಧಾನವನ್ನು ಇಲ್ಲಿಗೆ ತಂದರೆಂದು ಊರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ರೇಷ್ಮೆಯ ವಿದ್ಯೆಗೂ ಬೊಂಬೆಯ ವಿದ್ಯೆಗೂ ಜಪಾನಿಗೆ ಕೈಯೊಡ್ಡಿದ ನಾವು, ಒಬ್ಬ ಹುಡುಗ ಒಂದು ಕಾರ್ಡು ತರಿಸಿದೊಡನೆ ದಾಸ್ಯ ದಾಸ್ಯ ಎಂದು ಕೂಗುವುದು ನ್ಯಾಯವೆ?

ಅಷ್ಟಕ್ಕೂ ಆ ಹುಡುಗ ಕಾರ್ಡಿನಲ್ಲಿ ಏನನ್ನು ನೋಡುತ್ತಾನೆ? ಕಾರ್ಡು ಕೈಗೆ ತೆಗೆದುಕೊಂಡು ಕೆಳಗಿನ ಅಂಚನ್ನು ನೋಡಿ. ಅಲ್ಲಿ ಸಣ್ಣ ಅಕ್ಷರಗಳಲ್ಲಿ ಚಿತ್ರ ಬರೆದವರ ಹೆಸರಿದೆ. 1996ರ ಮೊದಲ ಕಟ್ಟಿನ ಚಾರಿಝಾರ್ಡ್ ಎಂಬ ಬೆಂಕಿಯುಗುಳುವ ಪ್ರಾಣಿಯನ್ನು ಬರೆದವರು ಮಿತ್ಸುಹಿರೊ ಅರಿತ. ಇದನ್ನು ನಮ್ಮ ಹುಡುಗರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. 1997 ಮತ್ತು 98ರಲ್ಲಿ ಕೊರೊಕೊರೊ ಎಂಬ ಮಕ್ಕಳ ಪತ್ರಿಕೆ ಚಿತ್ರಸ್ಪರ್ಧೆ ನಡೆಸಿ, ಗೆದ್ದವರಿಗೆ ಅತ್ಸುಕೊ ನಿಶಿದ ಬರೆದ ಪಿಕಾಚುವಿನ ಒಂದು ವಿಶೇಷ ಕಾರ್ಡನ್ನು ಬಹುಮಾನವಾಗಿ ಕೊಟ್ಟಿತು. ಅಂಥ ಕಾರ್ಡೊಂದನ್ನು ಅಮೆರಿಕದವನೊಬ್ಬ 2021ರಲ್ಲಿ ಕೊಂಡ ಬೆಲೆ 52 ಲಕ್ಷ 75 ಸಾವಿರ ಡಾಲರು. ಬೆಲೆ ಹುಚ್ಚಿನದು, ಒಪ್ಪೋಣ. ಆದರೆ ಆ ಹುಚ್ಚಿನ ಬುಡದಲ್ಲಿ ಇರುವುದು ಚಿತ್ರ ಬರೆದ ಮಕ್ಕಳಿಗೆ ಒಂದು ಸಮಾಜ ಸಲ್ಲಿಸಿದ ಗೌರವ.

ಈಗ ನಮ್ಮ ಬೊಂಬೆಗೆ ಬರೋಣ. ಆಲೆಮರದ ತುಂಡನ್ನು ಒಣಗಿಸಿ, ಲೇತಿಗೆ ಕೊಟ್ಟು, ಉಳಿಯಿಂದ ರೂಪ ತೆಗೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ತಾಳೆಗರಿಯಿಂದ ತಿಕ್ಕಿದಾಗ ಹೊಳಪು ಏಳುತ್ತದೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಕೈಗೆ ಮಾತ್ರ ಗೊತ್ತಿರುವ ವಿದ್ಯೆ. ಹೀಗೆ ಹುಟ್ಟಿದ ಕುದುರೆಯನ್ನು ತಿರುಗಿಸಿ ಅದರ ಹೊಟ್ಟೆಯ ಕೆಳಗೆ ನೋಡಿ. ಏನೂ ಇಲ್ಲ! ಸಮಾರಂಭಗಳಲ್ಲಿ ನೆನಪಿನ ಕಾಣಿಕೆಯಾಗಿ ಬಂದ ಐದಾರು ಬೊಂಬೆಗಳು ನನ್ನ ಮನೆಯಲ್ಲಿವೆ. ಕೊಟ್ಟ ಸಂಘದ ಹೆಸರಿದೆ, ಅಧ್ಯಕ್ಷರ ಹೆಸರಿದೆ, ದಿನಾಂಕವಿದೆ. ಮಾಡಿದವನ ಹೆಸರು ಒಂದರ ಮೇಲೂ ಇಲ್ಲ. ಸಾವಿರಾರು ಮೈಲಿ ದೂರದ ಚಿತ್ರಕಾರ ಮಾಗಡಿಯ ಹುಡುಗನಿಗೆ ಗೊತ್ತು. ಹತ್ತಿರದ ಚನ್ನಪಟ್ಟಣದ ಕಸುಬುದಾರ ಬೈಯುವ ನಮಗೇ ಗೊತ್ತಿಲ್ಲ. ದಾಸ್ಯ ಯಾರದು?

“ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮುದ್ರೆ ಬಂದಿದೆಯಲ್ಲ” ಎನ್ನುವವರುಂಟು. 2005-06ರಲ್ಲಿ ಬಂದದ್ದು ನಿಜ, ಸಂತೋಷದ ಸಂಗತಿಯೂ ಹೌದು. ಆದರೆ ಆ ಮುದ್ರೆ ಊರಿನ ಹೆಸರನ್ನು ಕಾಯುತ್ತದೆ, ಮನುಷ್ಯನ ಹೆಸರನ್ನಲ್ಲ. ಅಧಿಕೃತ ಬಳಕೆದಾರನೆಂದು ನೋಂದಾಯಿಸಿಕೊಂಡವನ ಹೆಸರು ಕಚೇರಿಯ ದಫ್ತರದಲ್ಲಿ ಕೂರುತ್ತದೆ, ಕುದುರೆಯ ಹೊಟ್ಟೆಯ ಮೇಲಲ್ಲ. ಇನ್ನು ಕೆಲವರಿಗೆ ಸುಂಕವೇ ಸರ್ವರೋಗಕ್ಕೂ ಮದ್ದು. ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿತು. ಇದು ಅಗ್ಗದ ಪ್ಲಾಸ್ಟಿಕ್ಕನ್ನು ತಡೆಯಬಹುದು, ತಡೆಯಲಿ. ಆದರೆ ಬೇಲಿ ಕಟ್ಟಿದ ಮಾತ್ರಕ್ಕೆ ತೋಟ ಬೆಳೆಯುವುದಿಲ್ಲ. ಪ್ರೀತಿಸುವುದಕ್ಕೆ ಒಂದು ಹೆಸರು ಬೇಕು; ಅದನ್ನು ಯಾವ ಸುಂಕವೂ ಹುಟ್ಟಿಸಲಾರದು.

ಜಪಾನಿನ ಈಶಾನ್ಯ ಭಾಗದಲ್ಲಿ ಕೊಕೆಶಿ ಎಂಬ ಮರದ ಬೊಂಬೆಯುಂಟು. ಕೈಯಿಲ್ಲ, ಕಾಲಿಲ್ಲ, ನಮ್ಮ ಬೊಂಬೆಯಂತೆಯೇ ಲೇತಿನ ಮೇಲೆ ತಿರುಗಿ ಹುಟ್ಟಿದ್ದು. ಒಂದು ಕಾಲಕ್ಕೆ ಬಿಸಿನೀರ ಬುಗ್ಗೆಗೆ ಬಂದ ಯಾತ್ರಿಕರು ಮಕ್ಕಳಿಗೆಂದು ಕೊಂಡೊಯ್ಯುತ್ತಿದ್ದ ಅಗ್ಗದ ಸಾಮಾನು. ಸಂಗ್ರಹಿಸುವವರು ಹುಟ್ಟಿದರು, ಮಾಡಿದವರಾರೆಂದು ಕೇಳಿದರು. ಬೊಂಬೆಯ ತಳದಲ್ಲಿ ಕಸುಬುದಾರನ ರುಜು ಬಿತ್ತು. ಇಂದು ಆ ರುಜು ನೋಡಿಯೇ ಜನ ಬೆಲೆ ಕಟ್ಟುತ್ತಾರೆ. ನಾವು ಯಾರನ್ನು ಗೀಳಿನವರೆಂದು ನಗುತ್ತೇವೋ ಆ ಸಂಗ್ರಾಹಕರೇ ಅಲ್ಲಿ ಕಸುಬಿಗೆ ಮಾನ ತಂದರು.

ಹೆಸರು ಬರೆಯುವ ಪಾಠವನ್ನು ನಾವು ಜಪಾನಿನಿಂದ ಕಲಿಯಬೇಕಾಗಿಯೂ ಇಲ್ಲ. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿದ; ಸೋಮನಾಥಪುರದಲ್ಲಿ ರೂವಾರಿ ಮಲ್ಲಿತಮ್ಮ ಕೆತ್ತಿದ. 12ನೆಯ ಶತಮಾನದ ಶರಣರಲ್ಲಿ ನೇಯುವವರು, ಬುಟ್ಟಿ ಹೆಣೆಯುವವರು, ದೋಣಿ ನಡೆಸುವವರು ತಮ್ಮ ಒಂದೊಂದು ವಚನಕ್ಕೂ ಅಂಕಿತವಿಟ್ಟರು. ಅಂಕಿತ ಬಹುಮಟ್ಟಿಗೆ ದೇವರದಾದರೂ ಅದರಿಂದ ನಾವು ಗುರುತಿಸುವುದು ಮನುಷ್ಯನನ್ನು. ಹೀಗಿರುವಾಗ ಚನ್ನಪಟ್ಟಣದ ಕಸುಬುದಾರನಿಗೆ ಮಾತ್ರ ಅಂಕಿತವೇಕೆ ಬೇಡ?

“ದಿನಕ್ಕೆ ನೂರು ಬುಗುರಿ ಮಾಡುವವನು ನೂರಕ್ಕೂ ಹೆಸರು ಬರೆಯಬೇಕೆ?” ಎಂದು ವ್ಯಾಪಾರಿಗಳು ನಗಬಹುದು. ಲಕ್ಷಗಟ್ಟಲೆ ಅಚ್ಚಾಗುವ ಕಾರ್ಡಿನಲ್ಲಿ ಚಿತ್ರಕಾರನ ಹೆಸರಿಗೆ ಜಾಗವಿದೆಯಲ್ಲ! ಒಂದು ಸಣ್ಣ ಅಚ್ಚು ಸಾಕು. “ಒಂದು ಬೊಂಬೆಗೆ ಹಲವು ಕೈ” ಎಂದರೆ ತಿರುಗಿಸಿದವನ ಹೆಸರೂ ಕಣ್ಣು ಮೂಗು ಬರೆದವಳ ಹೆಸರೂ ಇರಲಿ. ನಿಜವಾದ ಅಡ್ಡಿ ಅಚ್ಚಿನದಲ್ಲ. ಹೆಸರು ಬಂದರೆ ಗಿರಾಕಿ ಅಂಗಡಿಯನ್ನು ಬಿಟ್ಟು ಮಾಡಿದವನನ್ನೇ ಹುಡುಕಿ ಹೋದಾನು ಎಂಬ ಭಯದ್ದು.

ಕಾರ್ಡಿನ ವ್ಯವಹಾರದಲ್ಲಿ ಕೆಡುಕೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮುಚ್ಚಿದ ಪೊಟ್ಟಣದ ಕೆಡುಕು ಉಂಟು. ಈಗಿನ ಸಾಮಾನ್ಯ ಜಪಾನಿ ಪೊಟ್ಟಣದಲ್ಲಿ 5 ಕಾರ್ಡು. ಯಾವುವೆಂದು ಒಡೆದ ಮೇಲೆಯೇ ತಿಳಿಯುವುದು. ಅಪರೂಪದ್ದು ಬಂದೀತೆಂಬ ಆಸೆಗೆ ಒಂದರ ಮೇಲೊಂದು ಒಡೆಯುವುದು ರಸಿಕತೆಯಲ್ಲ, ಲಾಟರಿ. ಆ ಲಾಟರಿ ಎಷ್ಟು ಮನೆಗಳನ್ನು ತಿಂದಿತೆಂದು ನಮಗೆ ಗೊತ್ತು. 2007ರಲ್ಲಿ ಕರ್ನಾಟಕ ಅದನ್ನು ನಿಷೇಧಿಸಿದ್ದೂ ಗೊತ್ತು. ಹುಡುಗರಿಗೆ ನಾನು ಹೇಳುವುದು ಇಷ್ಟೆ: ಪೊಟ್ಟಣ ಒಡೆಯಬೇಡಿ, ಮೆಚ್ಚಿದ ಚಿತ್ರವನ್ನು ನೋಡಿ ಒಂದೊಂದಾಗಿ ಕೊಳ್ಳಿ, ನಡುವಿನವನ ಕೂಲಿಯನ್ನೂ ಸುಂಕವನ್ನೂ ಮೊದಲೇ ಲೆಕ್ಕ ಹಾಕಿ, ಸಾಲ ಮಾಡಿ ಕೊಳ್ಳಬೇಡಿ. ಹಿರಿಯರು ಬೈಯಲೇಬೇಕೆಂದಿದ್ದರೆ ಪೊಟ್ಟಣವನ್ನು ಬೈಯಲಿ, ಪ್ರೀತಿಯನ್ನಲ್ಲ.

ಹಿರಿಯರಿಗೆ ಹೇಳುವುದು ಬೇರೆ. ನಮ್ಮ ನಾಲ್ಕು ತಾಲ್ಲೂಕುಗಳ ಕಾಲೇಜುಗಳು, ಸಂಘಗಳು, ಕಚೇರಿಗಳು ವರ್ಷವಿಡೀ ಬೊಂಬೆಗಳನ್ನು ಕೊಂಡು ಅತಿಥಿಗಳ ಕೈಗೆ ಕೊಡುತ್ತವೆ. ಮಾಡಿದವರ ಹೆಸರಿಲ್ಲದ ಬೊಂಬೆಯನ್ನು ಕೊಳ್ಳುವುದಿಲ್ಲವೆಂದು ಇವರೆಲ್ಲ ನಿಶ್ಚಯಿಸಿದರೆ ಅಂಗಡಿಗಳು ಮರುದಿನವೇ ಅಚ್ಚು ಮಾಡಿಸುತ್ತವೆ. ಇದಕ್ಕೆ ಹೊಸ ಕಾನೂನು ಬೇಡ, ಸಹಾಯಧನ ಬೇಡ. ಕೊಳ್ಳುವಾಗ ಬೊಂಬೆಯನ್ನು ಒಮ್ಮೆ ತಲೆಕೆಳಗು ಮಾಡಿ ನೋಡುವ ಅಭ್ಯಾಸ ಸಾಕು. ಅಲ್ಲಿಯವರೆಗೆ, ಮಾಡಿದವರ ಹೆಸರು ಓದಿ ಕೊಳ್ಳುವ ಹುಡುಗರಿಗೆ ಸ್ವದೇಶಾಭಿಮಾನದ ಉಪದೇಶ ಮಾಡುವ ಅಧಿಕಾರ ನಮಗಿಲ್ಲ.